ಜ್ವರ ತಂದವಳು

ಡಬಲ್ ಬೆಡ್‌ಶೀಟನ್ನು ಒಬ್ಬರೇ ಮಡಚಲು ಹೊರಟರೆ ಅರ್ಧ ಶೀಟು ನೆಲ ಗುಡಿಸುತ್ತದೆ. ಒಗೆಯಲು, ಹಿಂಡಲು, ಒಣಗಿಸಲು ಯಂತ್ರಗಳಿವೆ. ಮಡಚಲು ಮಾತ್ರ ಎರಡು ಜೊತೆ ಕೈಗಳೇ ಬೇಕು. ಆ ಬೀದಿಯ ಲಾಂಡ್ರಿಯಲ್ಲಿ ಅಕ್ಕ ತಂಗಿ ಇಬ್ಬರೂ ಬಾಳಿನ ಬಹುಪಾಲನ್ನು ಹೀಗೆ ಎದುರುಬದುರು ನಿಂತೇ ಕಳೆದರು. ಅಕ್ಕ ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ಮನೆಗೆ ಮರಳಿದವಳು. ಅಷ್ಟರಲ್ಲಿ ಹೆತ್ತವರೂ ಒಬ್ಬರ ಹಿಂದೊಬ್ಬರು ತೀರಿಕೊಂಡದ್ದರಿಂದ, ಇನ್ನೂ ಶಾಲೆಗೆ ಹೋಗುತ್ತಿದ್ದ ತಂಗಿಯನ್ನೂ ಅಪ್ಪನ ಲಾಂಡ್ರಿಯನ್ನೂ ಒಟ್ಟಿಗೇ ಮೈಮೇಲೆ ಎಳೆದುಕೊಂಡಳು. ಎರಡರಲ್ಲಿ ಯಾವುದು ಹೆಚ್ಚು ಕಾಟ ಕೊಟ್ಟಿತು ಎಂದು ಯಾರಾದರೂ ಕೇಳಿದರೆ, "ಲಾಂಡ್ರಿಗೆ ಭಾನುವಾರ ರಜಾ ಇತ್ತಪ್ಪ" ಎನ್ನುತ್ತಿದ್ದಳು.

ಶೀಟು ಮಡಚುವುದೆಂದರೆ ದೂರ ನಿಂತು ಮೂಲೆಗಳನ್ನು ಹಿಡಿದು, ಕೈ ಎತ್ತಿ ಫಟ್ಟೆಂದು ಒಮ್ಮೆ ಒದರಿ, ಬಿಗಿಯಾಗಿ ಎಳೆದು, ಆಮೇಲೆ ಒಬ್ಬರತ್ತ ಒಬ್ಬರು ನಡೆದುಬಂದು ತುದಿಗೆ ತುದಿ ಸೇರಿಸುವುದು. ಯಂತ್ರಗಳ ಗದ್ದಲದಲ್ಲಿ ದೂರದ ಮಾತು ಕೇಳಿಸುವುದಿಲ್ಲ. ಹಾಗಾಗಿ ಅವರ ಸಂಸಾರದ ಮಾತೆಲ್ಲ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದಾಗಲೇ, ಮಡಿಕೆಗೊಂದರಂತೆ. "ಬೇಕರಿಯವನ ಹೆಂಡ್ತಿ ಬಂದಿದ್ಲು" ಎಂದು ಒಬ್ಬಳು ಹೇಳಿದರೆ, "ಯಾಕಂತೆ?" ಎನ್ನುವುದು ಮುಂದಿನ ಮಡಿಕೆಗೆ. ಉತ್ತರಕ್ಕೆ ಇನ್ನೊಂದು ಶೀಟೇ ಬೇಕು. ಸಿಟ್ಟು ಬಂದ ದಿನ ಮಾತಿಲ್ಲ. ಸಿಟ್ಟಾದವಳು ಕೈ ಎತ್ತದೆ ತನ್ನ ತುದಿಯನ್ನು ಸಡಿಲ ಬಿಡುತ್ತಾಳೆ, ಶೀಟು ನಡುವೆ ಜೋತು ಬೀಳುತ್ತದೆ. ಆಗ ಎದುರಿನವಳಿಗೆ ಗೊತ್ತಾಗುತ್ತದೆ, ಇವತ್ತು ಅಡುಗೆಮನೆಯಲ್ಲೂ ಪಾತ್ರೆಗಳದ್ದೇ ಸದ್ದು ಎಂದು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಊರಿಗೆಲ್ಲ ಜ್ವರ ಬಂತು. ಮನೆಯಲ್ಲಿ ಮೊದಲು ಮಲಗಿದವಳು ತಂಗಿ. ಗಂಟಲು ಕಟ್ಟಿ, ಮೈಕೈ ನುಚ್ಚುನೂರಾಗಿ, ಸತ್ತೇಹೋದೆ ಎಂದು ನರಳಿದಳು. ಅಕ್ಕ ಪಕ್ಕದಲ್ಲೇ ಕೂತು ಒದ್ದೆಬಟ್ಟೆ ಹಾಕಿದಳು, ಹಾಲು ಬ್ರೆಡ್ಡು ತಿನ್ನಿಸಿದಳು, ಮಿಕ್ಕಿದ್ದನ್ನು ಅದೇ ಚಮಚದಲ್ಲಿ ತಾನು ತಿಂದು ಮುಗಿಸಿದಳು. ತಂಗಿ ಏಳುವಷ್ಟರಲ್ಲಿ ಅಕ್ಕ ಮಲಗಿದಳು. ಅವಳೂ ಎದ್ದಳು. ಊರೂ ಎದ್ದಿತು, ಮರೆಯಿತು.

ಇನ್ನೊಂದು ಜ್ವರ ಆಮೇಲೆ ಬಂತು. ಬಾಯ್ಲರ್ ನೋಡಲು ಬರುತ್ತಿದ್ದ ಮೆಕ್ಯಾನಿಕ್, ಸರಿಯಾಗಿದ್ದ ಬಾಯ್ಲರನ್ನೂ ರಿಪೇರಿ ಮಾಡಲು ಬರತೊಡಗಿದ. ತಂಗಿಗೆ ಆಗಲೇ ಮೂವತ್ತೈದು ದಾಟಿತ್ತು. ಅವನೂ ಎಳೆ ಹುಡುಗನಲ್ಲ, ಮಿತಭಾಷಿ, ಹೆಂಡತಿ ಸತ್ತವನು. ಒಂದು ದಿನ ತಂಗಿ ಮಡಿಕೆಯ ನಡುವೆ ವಿಷಯ ಹೇಳಿದಳು.

"ಅವರು ಕೇಳ್ತಿದಾರೆ. ನಾನು ಆಗಲಿ ಅಂದಿದೀನಿ."

ಅಕ್ಕ ಮುಂದಿನ ಮಡಿಕೆಗೆ ಕಾಯಲಿಲ್ಲ. "ಹೋಗು ತಾಯಿ, ಹೋಗು. ನಾನು ಗೋಡೆಗೆ ಎರಡು ಮೊಳೆ ಹೊಡ್ಕೊಂಡು ಶೀಟು ಮಡಚ್ತೀನಿ."

"ಮೊಳೆನೇ ವಾಸಿ ಬಿಡು. ನಿನ್ನ ಕೊಂಕು ಕೇಳಿಸ್ಕೊಳ್ಳೋಕೆ ಅದಕ್ಕೆ ಕಿವಿ ಇರಲ್ಲ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಮರುದಿನದಿಂದ ಅಕ್ಕನ ಕಡೆಯ ತುದಿ ಜೋತುಬಿತ್ತು. ತಂಗಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ವಾರ ಕಳೆಯಿತು, ತಿಂಗಳಾಯಿತು, ತುದಿ ಮೇಲೇಳಲಿಲ್ಲ. ಅಕ್ಕ ತಲೆ ಬಾಚಿಕೊಳ್ಳುವುದನ್ನು ಬಿಟ್ಟಳು, ಕೂದಲು ಗಂಟು ಕಟ್ಟಿತು. ಗಮನ ಸೆಳೆಯುವ ನಾಟಕ ಎಂದುಕೊಂಡಳು ತಂಗಿ. ಅಕ್ಕ ಮುಕ್ಕಾಲಿ ಬಿಟ್ಟು ಏಳಲು ಮೇಜು ಹಿಡಿಯುತ್ತಿದ್ದಳು. ತಾನು ಕರೆದರೆ ಏಳುವ ಮನಸ್ಸಿಲ್ಲ ಅಷ್ಟೇ ಎಂದು ತಂಗಿಯ ಲೆಕ್ಕ. ಕಣ್ಣಿನ ರೆಪ್ಪೆಯ ಮೇಲೆ ನೇರಳೆ ಬಣ್ಣ ಕವಿದು ಊದಿಕೊಂಡಿತು. ಅತ್ತೂ ಅತ್ತೂ ಹೀಗಾಗಿದೆ ಎಂದು ತಂಗಿಗೆ ಒಳಗೊಳಗೇ ಅಯ್ಯೋ ಅನ್ನಿಸಿದರೂ, ಮಾತಾಡಿಸಲಿಲ್ಲ. ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು ಎದ್ದಿತು. ಲಾಂಡ್ರಿಯವರ ಕೈ ತಾನೇ, ಬ್ಲೀಚು ತಿಂದಿರಬೇಕು ಎಂದು ಅಕ್ಕ ಎಣ್ಣೆ ಹಚ್ಚಿಕೊಂಡಳು, ತಂಗಿಯೂ ಹಾಗೆಯೇ ಎಣಿಸಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಂದೇ ಕಾಯಿಲೆ ಮೈಯ ಮೂಲೆಮೂಲೆಯಿಂದ ಕೂಗಿ ಹೇಳುತ್ತಿದ್ದರೆ, ಈ ಮಹಾರಾಯ್ತಿಗೆ ಎಲ್ಲ ಕಡೆಯಿಂದಲೂ ಕೇಳಿಸಿದ್ದು ಮುನಿಸು ಮಾತ್ರ.

ಕೊನೆಗೆ ಅಕ್ಕ ತಾರಸಿಯ ಮೆಟ್ಟಿಲಲ್ಲಿ ಬಟ್ಟೆಯ ಬುಟ್ಟಿ ಸಮೇತ ಕುಸಿದಳು. ತಂಗಿ ಓಡಿ ಬಂದಾಗ, ಬಿದ್ದಲ್ಲೇ ಕೂತು, ತನ್ನ ತೋಳನ್ನು ಇನ್ನೊಬ್ಬರದ್ದೆಂಬಂತೆ ನೋಡುತ್ತಿದ್ದಳು.

"ಕೈ ಎತ್ತೋಕೆ ಆಗ್ತಿಲ್ಲ ಕಣೆ. ತುಂಬ ದಿನ ಆಯ್ತು."

"ಹೇಳೋದಲ್ವಾ ಅಕ್ಕ?"

"ನೀನು ಮಾತಾಡ್ತಿರಲಿಲ್ಲವಲ್ಲ."

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸ್ನಾಯುವಿಗೆ ಸೂಜಿ ಚುಚ್ಚಿ ನೋಡಿದರು, ತೊಡೆಯಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರಮ್ಮ ಒಳ್ಳೆಯ ಹೆಂಗಸು, ಅವಸರ ಮಾಡದೆ ಕೂರಿಸಿ ಹೇಳಿದರು. "ಸ್ನಾಯುಗಳಿಗೆ ಉರಿಯೂತ ಆಗಿದೆ. ನಮ್ಮನ್ನ ಕಾಯೋಕೆ ಅಂತ ಮೈಯಲ್ಲಿ ಒಂದು ಶಕ್ತಿ ಇದೆಯಲ್ಲ, ಅದೇ ತಿರುಗಿ ಬಿದ್ದಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಚರ್ಮದ ಮೇಲಿರೋದೂ ಅದೇ, ಸೋಪಿಂದಲ್ಲ." ಆಮೇಲೆ ಕಾಗದ ನೋಡುತ್ತಾ ಕೇಳಿದರು, "ಇದು ಶುರುವಾಗೋ ಮೊದಲು ಜ್ವರ ಏನಾದ್ರೂ ಬಂದಿತ್ತಾ?"

"ಇಲ್ಲ" ಎಂದಳು ಅಕ್ಕ, ತಕ್ಷಣ.

"ಬಂದಿತ್ತು" ಎಂದಳು ತಂಗಿ. "ನನಗೆ ಬಂತು, ನನ್ನಿಂದ ಅವಳಿಗೆ ಬಂತು. ಯಾಕೆ ಡಾಕ್ಟ್ರೇ, ಅದರಿಂದಾನಾ?"

"ಖಚಿತವಾಗಿ ಯಾರಿಗೂ ಗೊತ್ತಿಲ್ಲಮ್ಮ. ಕೆಲವರಲ್ಲಿ ಒಂದು ಸೋಂಕು ಬಂದುಹೋದ ಮೇಲೆ ಹೀಗೆ ಶುರುವಾಗುತ್ತೆ. ಸೋಂಕು ಕೆಣಕಿರಬಹುದು ಅನ್ನೋ ಗುಮಾನಿ ಇದೆ, ಅಷ್ಟೇ. ಆ ಜ್ವರ ಊರಿಗೆಲ್ಲ ಬಂತು, ಎಲ್ಲರೂ ಹೀಗೆ ಮಲಗಿದಾರಾ? ಇವರ ಮೈಯಲ್ಲೇ ಏನೋ ಮೊದಲೇ ಇದ್ದಿರಬೇಕು."

ಡಾಕ್ಟರು ಅಷ್ಟೆಲ್ಲ ಹೇಳಿದರೂ ತಂಗಿ ಮನೆಗೆ ಹೊತ್ತುಕೊಂಡು ಬಂದದ್ದು ಒಂದೇ ಮಾತು: ಕೆಣಕಿರಬಹುದು. ಬಸ್ಸು ಇಳಿಯುವಷ್ಟರಲ್ಲಿ ಆ 'ಬಹುದು' ಉದುರಿಹೋಗಿತ್ತು.

ಔಷಧಿ ಶುರುವಾಯಿತು. ಬೆಳಗಿನ ತಿಂಡಿಯ ಮೇಲೆ ಸ್ಟೀರಾಯ್ಡ್ ಮಾತ್ರೆಗಳು, ತಾವಾಗಿ ನಿಲ್ಲಿಸಬಾರದು ಎಂಬ ತಾಕೀತು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಇನ್ನೊಂದು ಔಷಧಿ. ಮರೆತು ದಿನಾ ನುಂಗಿದರೆ ಅದೇ ವಿಷ. ಅಕ್ಕನ ಮುಖ ಚೆಂಡಿನಂತೆ ದುಂಡಗಾಯಿತು, ನಿದ್ದೆ ಹಾರಿತು, ಹಸಿವು ಹೆಚ್ಚಿತು. ಬಿಸಿಲಿಗೆ ಹೋಗಬೇಡ ಎಂದಿದ್ದರಿಂದ ಕಿಟಕಿಗಳಿಗೆಲ್ಲ ಗಿರಾಕಿಗಳು ಬಿಟ್ಟುಹೋದ ಹಳೆಯ ಪರದೆ ಬಂತು. "ಬೀದೀಲಿ ಯಾರೂ ಗುರುತು ಹಿಡೀತಿಲ್ಲ, ನನ್ನ ದೊಡ್ಡಕ್ಕ ಅಂದ್ಕೊಂಡಿದಾರೆ" ಎಂದು ಅಕ್ಕ ನಗುತ್ತಿದ್ದಳು.

ಇವಳ ರೋಗನಿರೋಧಕ ಶಕ್ತಿಯನ್ನೇ ನಾವು ಅದುಮಿ ಇಟ್ಟಿದ್ದೇವೆ, ನೆಗಡಿ ಜ್ವರ ಇದ್ದವರು ಹತ್ತಿರ ಬರಬಾರದು ಎಂದು ಡಾಕ್ಟರು ಹೇಳಿದ್ದರು. ತಂಗಿ ಅದನ್ನು ವೇದವಾಕ್ಯ ಮಾಡಿಕೊಂಡಳು. ಬಾಯಿಗೆ ಬಟ್ಟೆ ಕಟ್ಟಿಯೇ ಅಡುಗೆ. ಚಮಚ, ತಟ್ಟೆ, ಟವೆಲ್ ಎಲ್ಲ ಬೇರೆ. ಕೈ ತೊಳೆದು ತೊಳೆದು ಅವಳ ಬೆರಳೂ ಕೆಂಪಾದವು. ಒಂದು ಸೀನು ಬಂದರೆ ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದಳು. ಮದುವೆಯ ಮಾತು ತಾನಾಗಿ ನಿಂತಿತು. ಮೆಕ್ಯಾನಿಕ್ ಕೇಳಲೂ ಇಲ್ಲ, ಬಿಡಲೂ ಇಲ್ಲ. ದಿನಾ ಸಂಜೆ ಬಂದು ಶೀಟಿನ ಇನ್ನೊಂದು ತುದಿ ಹಿಡಿದು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅಕ್ಕನ ತಲೆ ಬಾಚುತ್ತಾ ಕೂತಿದ್ದಾಗ ತಂಗಿಗೆ ತಡೆಯಲಾಗಲಿಲ್ಲ.

"ಅಕ್ಕ, ನಾನೇ ನಿನಗೆ ಇದನ್ನ ಅಂಟಿಸಿದ್ದು."

ಅಕ್ಕ ತಿರುಗಿ ಅವಳ ಮುಖ ನೋಡಿದಳು. "ನಿನ್ನ ಜ್ವರಕ್ಕೆ ಅಷ್ಟು ಯೋಗ್ಯತೆ ಎಲ್ಲಿದೆಯೇ? ಸ್ವಲ್ಪ ಮೈ ಬಿಸಿಯಾಗಿದ್ದಕ್ಕೆ ಇಡೀ ಬೀದಿಗೆ ಕೇಳಿಸೋ ಹಾಗೆ ನರಳಿದೋಳು ನೀನು."

"ತಮಾಷೆ ಬೇಡ. ತಂದೋಳು ನಾನು."

"ತಂದೋಳು ನೀನಾದ್ರೆ ತಗೊಂಡೋಳು ನಾನಲ್ವಾ? ಆ ಚಮಚ ಬಾಯಿಗಿಟ್ಕೋ ಅಂತ ಯಾರು ಹೇಳಿದ್ರು ನನಗೆ? ಸುಮ್ನೆ ಬಾಚು, ಸಿಕ್ಕು ಎಳೀಬೇಡ."

ಹೀಗೆ ಹೇಳಿದರೆ ಯಾರಿಗೆ ಸಮಾಧಾನ? ಅಕ್ಕ ಕ್ಷಮಿಸಿದಳೆಂದರೆ ಕ್ಷಮಿಸುವಂಥದ್ದೇನೋ ಇದೆ ಎಂದೇ ಅರ್ಥ ಎಂದುಕೊಂಡಳು ಈ ಪೆದ್ದಿ. ಅವಳಿಗೆ ಬೇಕಾಗಿದ್ದದ್ದು ಕ್ಷಮೆಯಲ್ಲ. ನಿನ್ನಿಂದ ಅಲ್ಲ ಎಂದು ಬಲ್ಲವರೊಬ್ಬರು ಖಂಡಿತವಾಗಿ ಹೇಳಬೇಕಿತ್ತು. ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ ಬಾಗಿಲ ಹತ್ತಿರ ನಿಂತು ಡಾಕ್ಟರಮ್ಮನನ್ನು ಅದನ್ನೇ ಕೇಳುತ್ತಿದ್ದಳು. ಅವರು ಸುಳ್ಳು ಹೇಳುವವರಲ್ಲ. "ಹೇಳೋಕಾಗಲ್ಲಮ್ಮ" ಎನ್ನುತ್ತಿದ್ದರು.

ಒಂದಷ್ಟು ಕಾಲ ಚೆನ್ನಾಗಿಯೇ ಇತ್ತು. ಮಾತ್ರೆ ಸಾಲದೆಂದು ಆಸ್ಪತ್ರೆಯಲ್ಲಿ ಮಲಗಿಸಿ ಯಾರ್‍ಯಾರದೋ ರಕ್ತದಿಂದ ತೆಗೆದ ರಕ್ಷಕಾಂಶದ ಡ್ರಿಪ್ ಹಾಕಿದರು. ದಿನಾ ವ್ಯಾಯಾಮ ಮಾಡಿಸಿದರು. ಅಕ್ಕ ತಾನಾಗಿ ಎದ್ದು ನಿಂತಳು. ಒಂದು ದಿನ ತಾನೇ ಕೈ ಎತ್ತಿ ಹಣೆಯ ಕೂದಲು ಸರಿಸಿಕೊಂಡಳು, ತಂಗಿ ಅದನ್ನು ನೋಡಿ ಇಸ್ತ್ರಿಪೆಟ್ಟಿಗೆಯನ್ನು ದಿಂಬುಕವರಿನ ಮೇಲೆ ಮರೆತು ಸುಟ್ಟಳು. ಗಿರಾಕಿ ಬೈದ. ಇಬ್ಬರೂ ಅವನ ಎದುರೇ ನಕ್ಕರು.

ಆಮೇಲೆ ಒಣಕೆಮ್ಮು ಬಂತು. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ನಂತರ ಮಾತಾಡಿದರೂ ಏದುಸಿರು. ಈ ಸಲ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. ಅಕ್ಕನನ್ನು ಆಮ್ಲಜನಕ ಕೊಡುವ ವಾರ್ಡಿಗೆ ಹಾಕಿದರು. ಸೋಂಕೂ ಇರಬಹುದು, ಕಾಯಿಲೆಯೇ ಶ್ವಾಸಕೋಶಕ್ಕೆ ಇಳಿದಿರಲೂಬಹುದು, ಪರೀಕ್ಷೆಗೆ ಕಳಿಸಿದ್ದೇವೆ, ಅಲ್ಲಿಯವರೆಗೆ ಜಾಗ್ರತೆ ಎಂದರು.

ಅದೇ ಹೊತ್ತಿಗೆ ತಂಗಿಗೆ ಜ್ವರ ಬರಬೇಕೇ? ಬಂತು. ಲಾಂಡ್ರಿಗೂ ಆಸ್ಪತ್ರೆಗೂ ಅಲೆದು ಹೈರಾಣಾದ ಮೈ. ಗಂಟಲು ಕೆರೆಯಿತು, ಹಣೆ ಬಿಸಿಯಾಯಿತು. ಅವತ್ತಿನಿಂದ ವಾರ್ಡಿನ ಬಾಗಿಲಿಗೂ ಹೋಗಲಿಲ್ಲ. ಆಸ್ಪತ್ರೆಯ ಕಾಂಪೌಂಡಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದಳು. ಮೇಲೆ ಅಕ್ಕನ ಪಕ್ಕ ಮೆಕ್ಯಾನಿಕ್ ಕೂತ. ಫೋನಿನಲ್ಲಿ ಮಾತಾಡೋಣವೆಂದರೆ ಅಕ್ಕನ ಗಂಟಲಿನ ಸ್ನಾಯುಗಳೂ ಸೋತಿದ್ದವು, ಮುಖಕ್ಕೆ ಆಮ್ಲಜನಕದ ಮಾಸ್ಕ್ ಬೇರೆ. ಅವಳ ಮಾತು ತಿಳಿಯಬೇಕಾದರೆ ಬಾಯಿಯ ಹತ್ತಿರ ಕಿವಿ ಇಡಬೇಕಿತ್ತು.

ಮೆಕ್ಯಾನಿಕ್ ಇಳಿದು ಬಂದು ಹೇಳಿದ, "ಬರಬೇಕಂತೆ ನೀವು."

"ಜ್ವರ ಇದೆ ಅಂತ ಹೇಳಿದ್ರಾ?"

"ಹೇಳಿದೆ. ಜ್ವರ ಇದ್ರೂ ಬರಲಿ, ಅವಳ ಮುಖ ನೋಡ್ಬೇಕು ಅಂದ್ರು."

ತಂಗಿ ಎದ್ದಳು. ಮೆಟ್ಟಿಲವರೆಗೆ ಹೋದಳು. ಕೈ ತನ್ನಷ್ಟಕ್ಕೆ ಹಣೆ ಮುಟ್ಟಿ ನೋಡಿತು, ಇನ್ನೂ ಬಿಸಿ. ಒಂದು ಸಲ ಕೊಂದದ್ದು ಸಾಲದೇ, ಎಂದು ಕೇಳಿಕೊಂಡಳು. ಹಾಗೆಯೇ ತಿರುಗಿ ಬಂದು ಬೆಂಚಿನ ಮೇಲೆ ಕೂತಳು.

"ಜ್ವರ ಬಿಟ್ಟ ತಕ್ಷಣ ಬರ್ತಾಳಂತೆ ಅನ್ನಿ. ಇನ್ನೊಂದು ದಿನ. ಅವಳ ಹತ್ರ ಬೈಸ್ಕೊಳ್ಳೋಕಾದ್ರೂ ಬಂದೇ ಬರ್ತೀನಿ ಅಂತ ಹೇಳಿ."

ಮರುದಿನ ಅವನು ಮತ್ತೆ ಬಂದ. ಅದೇ ಮಾತು ತಂದ. ಅವಳೂ ಅದೇ ಮಾತು ಕಳಿಸಿದಳು. ಅದರ ಮರುದಿನ ಬೆಳಿಗ್ಗೆ ಅವಳ ಮೈ ತಣ್ಣಗಾಗಿತ್ತು, ಗಂಟಲೂ ಬಿಟ್ಟಿತ್ತು. ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟು, ಹೊಸ ಮಾಸ್ಕ್ ಕಟ್ಟಿಕೊಂಡು ಹೊರಟಳು. ಆಸ್ಪತ್ರೆಯ ಗೇಟಿನಲ್ಲಿ ಮೆಕ್ಯಾನಿಕ್ ಎದುರಾದ. ಅವನ ಮುಖ ನೋಡಿ ಅವಳು ಕಟ್ಟಿಕೊಂಡಿದ್ದ ಮಾಸ್ಕನ್ನು ಬಿಚ್ಚಿದಳು.

ಅಕ್ಕನನ್ನು ಮಸಣಕ್ಕೆ ಕಳಿಸಿಕೊಟ್ಟ ಮೇಲೆ, ಕಾಗದಪತ್ರ ತೆಗೆದುಕೊಳ್ಳಲು ತಂಗಿ ಮತ್ತೆ ಆಸ್ಪತ್ರೆಗೆ ಹೋಗಬೇಕಾಯಿತು. ಮೆಕ್ಯಾನಿಕ್ ಹೊರಗೆ ನಿಂತ. ಡಾಕ್ಟರಮ್ಮ ಬಾಗಿಲು ಮುಚ್ಚಿಸಿ, ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತರು. ಇವಳು ಕೇಳುವ ಮೊದಲೇ ಅವರೇ ಹೇಳಿದರು.

"ನೀವು ಕೇಳ್ತಾನೇ ಇದ್ರಿ. ಎಲ್ಲ ಪರೀಕ್ಷೆ ಬಂದಿದೆ. ಅವರಿಗೆ ಯಾವ ಸೋಂಕೂ ಇರಲಿಲ್ಲ. ಕಾಯಿಲೇನೇ ಶ್ವಾಸಕೋಶ ತಿಂದುಬಿಡ್ತು. ಅವರ ರಕ್ತದಲ್ಲಿ ಅಂಥದ್ದೊಂದು ಗುಣ ಇತ್ತು, ಆ ಥರದ್ದು ಔಷಧಿಗೆ ಬಗ್ಗೋದು ಕಷ್ಟ. ನಿಮ್ಮಿಂದ ಏನೂ ಆಗಿಲ್ಲ. ನೀವು ಪಕ್ಕದಲ್ಲೇ ಇದ್ದಿದ್ರೂ ಏನೂ ಬದಲಾಗ್ತಿರಲಿಲ್ಲ."

ತಂಗಿ ಕೇಳಿದಳು, "ಹಾಗಾದ್ರೆ ನಾನು ಬರಬಹುದಿತ್ತಾ?"

ಡಾಕ್ಟರಮ್ಮ ತಲೆ ತಗ್ಗಿಸಿದರು. ಈಗಲೂ ಅವರು ಸುಳ್ಳು ಹೇಳಲಿಲ್ಲ. "ಕೊನೇ ಎರಡು ದಿನ ನಮಗೇ ಆಸೆ ಇರಲಿಲ್ಲ, ಬರಬಹುದಿತ್ತಮ್ಮ. ಮಾಸ್ಕ್ ಹಾಕ್ಕೊಂಡು ಬಂದು ಕೈ ಹಿಡ್ಕೊಂಡು ಕೂರಬಹುದಿತ್ತು. ನೀವು ಕೆಳಗೆ ಕೂತಿದೀರ ಅಂತ ನನಗೆ ಯಾರೂ ಹೇಳಲಿಲ್ಲ."

ತಂಗಿ ಎದ್ದು ನಮಸ್ಕಾರ ಮಾಡಿ ಹೊರಗೆ ಬಂದಳು. ಮೆಕ್ಯಾನಿಕ್ ಅವಳ ಕೈಯಿಂದ ಚೀಲ ತೆಗೆದುಕೊಂಡ.

"ಏನಂದ್ರು?"

"ನನ್ನಿಂದ ಅಲ್ಲವಂತೆ" ಎಂದಳು. ಹೇಳುತ್ತಿದ್ದಂತೆ ಜನ ಓಡಾಡುವ ಆ ದಾರಿಯಲ್ಲೇ ಗೋಡೆಗೆ ಒರಗಿ ಕೂತು, ಬಾಯಿಬಿಟ್ಟು ಅತ್ತಳು.