ದೇವರಕಾಡಿನ ಮಣ್ಣಿನ ನಾಯಿಗಳು

ಹವಾಮಾನ ಬದಲಾವಣೆಯ ಪಾಠ ಮಾಡುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಹಿಮಕರಡಿಯ ಚಿತ್ರ ತೋರಿಸಿ, "ಅಯ್ಯೋ ಪಾಪ" ಅನ್ನಿಸಿ, ಗಂಟೆ ಹೊಡೆದ ಕೂಡಲೇ ಮನೆಗೆ ಅಟ್ಟುವುದು ಯಾವ ಸೀಮೆಯ ಪಾಠ? ಮಡಿಕೇರಿಯಾಚೆಯ ನಮ್ಮ ಹೈಸ್ಕೂಲಿನ ಮಕ್ಕಳು ಗುಡ್ಡ ಜರಿದದ್ದನ್ನು ಕಣ್ಣಾರೆ ಕಂಡವರು. ಗಿಡದ ಮೊಗ್ಗು ಅರಳಿಸುವ ಹೂಮಳೆ ತಪ್ಪಿದರೆ ಕಾಫಿ ಇಲ್ಲ, ಕಾಫಿ ಇಲ್ಲದಿದ್ದರೆ ಅಮ್ಮನಿಗೆ ಹಣ್ಣು ಕೊಯ್ಯುವ ಪಿಕ್ಕಿಂಗ್ ಕೆಲಸವಿಲ್ಲ ಎಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ತೋಟದ ಕೂಲಿಯವರ ಲೈನ್‌ಮನೆಯವಳು, ಅವತ್ತು ನೇರವಾಗಿ ಕೇಳಿಯೇಬಿಟ್ಟಳು.

"ಕರಡಿ ಬಿಡಿ ಮಿಸ್. ದೇವರಕಾಡಿನ ಮರಕ್ಕೆ ಕಡಿಯೋಕೆ ನಂಬರ್ ಹಾಕಿದ್ದಾರಲ್ಲ, ಅದಕ್ಕೇನ್ ಮಾಡೋದು?"

ಹಾಕಿದ್ದು ನಿಜ. ಶಾಲೆಯ ಹಿಂದಿನ ದೇವರಕಾಡಿನ ಅಂಚು ಕಡಿದು, ಹಬ್ಬಕ್ಕೆ ಬರುವವರ ಕಾರು ನಿಲ್ಲಿಸಲು ಜಾಗ ಮಾಡುವುದೆಂದು ದೇವಸ್ಥಾನದ ಸಮಿತಿ ತೀರ್ಮಾನಿಸಿತ್ತು. ಶಾಲೆಗೂ ಲೈನ್‌ಮನೆಗಳಿಗೂ ನೀರು ಕೊಡುವ ಒರತೆ ಇರುವುದು ಆ ಮರಗಳ ಬುಡದಲ್ಲೇ. ಮರ ಹೋದರೆ ನೀರೂ ಹೋಯಿತು, ಅಷ್ಟೇ.

"ನಾವು ಚಿಕ್ಕವ್ರು ಮಿಸ್, ನಮ್ ಮಾತು ಯಾರ್ ಕೇಳ್ತಾರೆ?" ಎಂದ ಒಬ್ಬ.

"ದೊಡ್ಡವ್ರು ಕಡಿದು ಕಟ್ಟೆ ಹಾಕಿದ್ದು ಕಾಣ್ತಿದೆಯಲ್ಲೋ! ನಿಮ್ಮ ಕೈಲಿ ಏನಾಗುತ್ತೆ, ಅದನ್ನ ಯೋಚ್ನೆ ಮಾಡಿ" ಎಂದು ಗದರಿದೆ. ಅದು ಹೆಡ್‌ಮಾಸ್ಟರ ಕಿವಿಗೆ ಬಿತ್ತು. "ಸುಮ್ನಿರಿ ಮೇಡಂ, ಸಮಿತಿಯವ್ರು ಟ್ರಾನ್ಸ್‌ಫರ್ ಮಾಡಿಸಿಬಿಡ್ತಾರೆ" ಎಂದರು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ.

ಮಕ್ಕಳು ಯೋಚಿಸಿದ್ದು ನನ್ನ ತಲೆಗೆ ಹೊಳೆಯುವಂಥದ್ದಲ್ಲ. ನಮ್ಮ ಕಡೆ ದೇವರಕಾಡಿನ ಅಯ್ಯಪ್ಪನಿಗೆ ಮಣ್ಣಿನ ನಾಯಿಯನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಒಪ್ಪಿಸಿದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಒಡೆದರೂ ಅಲ್ಲೇ, ಪಾಚಿ ಕಟ್ಟಿದರೂ ಅಲ್ಲೇ. ಮಕ್ಕಳು ನೀರು ಹರಿಯುವ ತೋಡಿನ ಮಣ್ಣು ತಂದು ನಾಯಿ ಮಾಡಿದರು. ಕೆಲವು ಹಂದಿಯ ಹಾಗಿದ್ದವು, ಒಂದಕ್ಕೆ ಬಾಲವೇ ಇರಲಿಲ್ಲ. ಮರ ಕಡಿಯುವ ದಿನ ಬೆಳಿಗ್ಗೆ ನಂಬರ್ ಬಿದ್ದ ಪ್ರತಿ ಮರದ ಬುಡದಲ್ಲೂ ಒಂದೊಂದು ನಾಯಿ ಕೂತಿತ್ತು. ಪಕ್ಕದಲ್ಲಿ ಮಕ್ಕಳು ಕೈಕಟ್ಟಿ ನಿಂತಿದ್ದರು. ನಾನೂ ನಿಂತೆ.

ಗರಗಸ ತಂದ ಕೆಲಸದವರು ನಾಯಿಗಳನ್ನು ನೋಡಿದ್ದೇ ಕೈಮುಗಿದು ಹಿಂದೆ ಸರಿದರು. ಸಮಿತಿಯ ಅಧ್ಯಕ್ಷರು, ಊರಿಗೇ ಹಿರಿಯರು, ಜೀಪಿನಿಂದ ಇಳಿದು ಕೂಗಾಡಿದರು. "ತೆಗೀರಿ ಅದನ್ನ!"

"ಹರಕೇದು ಸ್ವಾಮಿ, ನಮ್ಮಿಂದಾಗಲ್ಲ. ನೀವೇ ತೆಗೀರಿ."

ಹಿರಿಯರು ಬಗ್ಗಿದರು. ಚಾಚಿದ ಕೈ ಹಾಗೇ ನಿಂತಿತು. ಅವರು ನಿಧಾನವಾಗಿ ಎದ್ದು "ಕರಡಿ ಬಿಡಿ" ಎಂದಿದ್ದ ಆ ಹುಡುಗಿಯ ಕಡೆ ತಿರುಗಿದರು. "ಏನಂತ ಹರಕೆ ಹೊತ್ತಿದ್ದೀಯ?"

"ಮರ ಉಳಿದ್ರೆ ವರ್ಷಾ ವರ್ಷಾ ತಂದಿಡ್ತೀವಿ ಅಂತ, ಅಜ್ಜ."

ಅವರ ಸಿಟ್ಟೆಲ್ಲ ನನ್ನ ಮೇಲೆ ಬಂತು. "ಟೀಚರೇ, ದೇವರ ಹೆಸರಲ್ಲಿ ಮಕ್ಕಳಿಗೆ ನಾಟಕ ಕಲಿಸ್ತೀರಾ?"

"ದೇವರ ಕಾಡು ಕಡಿಯೋಕೆ ಮುಂಚೆ ನೀವು ದೇವರನ್ನ ಕೇಳಿದ್ರಾ ಸರ್? ಈ ಮಕ್ಕಳು ಕೇಳಿದ್ದಾರೆ."

ಹರಕೆಯ ನಾಯಿಯನ್ನು ಮುಟ್ಟುವ ಧೈರ್ಯ ಅವರಿಗೂ ಬರಲಿಲ್ಲ, ಮರಗಳು ಉಳಿದವು. ನನಗೆ ಜಿಲ್ಲೆಯ ತುದಿಯ ಕುಟ್ಟದ ಕಡೆಗೆ ವರ್ಗವಾಯಿತು. "ಬೇಕಿತ್ತಾ ನಿಂಗೆ?" ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಬೇಕಿತ್ತು. ಇನ್ನೊಂದು ಸಲವೂ ಬೇಕು.

ಹೊಸ ಶಾಲೆಯಲ್ಲಿ ಮೊದಲ ದಿನ ಹಾಜರಿ ಮುಗಿಯುವ ಮುಂಚೆಯೇ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ನಾಯಿ ಟೀಚರ್ ಅಂದ್ರೆ ನೀವೇನಾ?"

ತರಗತಿ ಕಿಸಕ್ಕೆಂದಿತು. ಹೌದು ಕಣೇ, ನಾನೇ ಎಂದೆ.

"ಹಾಗಾದ್ರೆ ಸಂಜೆ ಬನ್ನಿ. ನಮ್ಮ ದೇವರಕಾಡಲ್ಲೂ ನಂಬರ್ ಹಾಕಿದ್ದಾರೆ. ಮಣ್ಣು ಆಗ್ಲೇ ತಂದಿಟ್ಟಿದ್ದೀವಿ."