ಟೈಲರಮ್ಮನ ಪಕ್ಕದ ಕುರ್ಚಿ

ಈ ಸಲ ಫುಟ್‌ಬಾಲ್ ನಡೆಯುತ್ತೋ ಇಲ್ಲವೋ ಅನ್ನುವ ಚಿಂತೆ ಊರಿಗೆಲ್ಲ ಹತ್ತಿಕೊಂಡಿತ್ತು. ಆಡುವಾಗ ಕಾಲು ಮುರಿದರೆ ವಾಸಿಯಾಗುವವರೆಗೂ ಸಂಬಳ ಕೊಡಬೇಕು, ಇಲ್ಲದಿದ್ದರೆ ಮೈದಾನಕ್ಕೇ ಇಳಿಯುವುದಿಲ್ಲ ಅಂತ ಆಟಗಾರರು ಮುಷ್ಕರ ಹೂಡಿದ್ದರು. ತಂಡಗಳ ಮಾಲೀಕರು ಅವರಿಗಿಂತ ಒಂದು ಕೈ ಮೇಲು. ಹಟ ಬಿಡದಿದ್ದರೆ ಈ ವರ್ಷದ ಪಂದ್ಯಗಳನ್ನೆಲ್ಲ ರದ್ದು ಮಾಡುತ್ತೇವೆ ಅಂತ ಕ್ರೀಡಾಂಗಣಕ್ಕೆ ಬೀಗ ಜಡಿದು ಕೂತುಬಿಟ್ಟರು. ಅವರವರ ಹಟ ಅವರವರಿಗೆ, ಅಭಿಮಾನಿಗಳನ್ನು ಕೇಳುವವರು ಯಾರು?

ಟೈಲರಮ್ಮನ ಅಂಗಡಿಗೆ ಅಂಟಿಕೊಂಡಿದ್ದ ಸಲೂನಿನಲ್ಲಿ ಬೆಳಗಿನಿಂದ ಇದೇ ಮಾತು. ಸಲೂನಿನವನು ಆಟಗಾರರ ಪಕ್ಷ. ಮಾಲೀಕರ ಪರ ಮಾತಾಡಿದ ಗಿರಾಕಿಯೊಬ್ಬನ ಅರ್ಧ ಮೀಸೆ ವಾದದ ಬಿಸಿಯಲ್ಲಿ ಹಾರಿಹೋಗಿ, ಸಮ ಮಾಡಲು ಉಳಿದರ್ಧವನ್ನೂ ತೆಗೆಯಬೇಕಾಯಿತು. ಆ ಮಹಾರಾಯ ಈಗಲೂ ಆ ಬೀದಿಗೆ ತಲೆ ಹಾಕುವುದಿಲ್ಲ.

“ಅಕ್ಕಾ, ನೀವು ಯಾರ ಕಡೆ?” ಅಂತ ಸಲೂನಿನವನು ಬಾಗಿಲಿಗೆ ಬಂದು ಕೇಳಿದ.

“ಯಾರಾದರೂ ಗೆದ್ದುಕೊಳ್ಳಲಿ ಕಣಪ್ಪ, ಆಟ ನಡೆದರೆ ಸಾಕು” ಅಂದು ಟೈಲರಮ್ಮ ಮಷೀನು ತುಳಿದಳು. ವಾರದಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಾರಣ ಹೇಳಿದರೆ ಹುಚ್ಚು ಹಿಡಿದಿದೆ ಅಂದುಕೊಳ್ಳುತ್ತಾರೆ.

ಅವಳ ಗಂಡ ರೇಡಿಯೋ ರಿಪೇರಿ ಮಾಡುತ್ತಿದ್ದ. ನಡುವಯಸ್ಸಿನಲ್ಲಿ ಕಣ್ಣು ಹೋಯಿತು, ಫುಟ್‌ಬಾಲ್ ಹುಚ್ಚು ಮಾತ್ರ ಹೋಗಲಿಲ್ಲ. “ನೀನು ನೋಡಿ ಹೇಳು, ನಾನು ಕೇಳ್ತೀನಿ” ಅಂದ. ಅಯ್ಯೋ, ಅವಳಿಗೋ ಚೆಂಡು ದುಂಡಗಿದೆ ಅನ್ನುವುದೊಂದು ಬಿಟ್ಟರೆ ಆಟದ ಗಂಧಗಾಳಿ ಇರಲಿಲ್ಲ. ಕ್ರೀಡಾಂಗಣದಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ಕೂತು, ತನಗೆ ಗೊತ್ತಿದ್ದುದರಲ್ಲೇ ಹೇಳತೊಡಗಿದಳು. ಮೈದಾನವೆಂದರೆ ಹಾಸಿಟ್ಟ ಅಂಗಿ. ನಮ್ಮ ಗೋಲು ಕಾಲರ್, ಅವರದು ಕೆಳಗಿನ ಅಂಚು, ಅಕ್ಕಪಕ್ಕ ತೋಳುಗಳು, ನಡುವೆ ಗುಂಡಿಪಟ್ಟಿ. “ಚೆಂಡು ಎಡತೋಳಲ್ಲಿದೆ ರೀ, ಈಗ ಜೇಬಿನ ಹತ್ತಿರ ಬಂತು” ಅನ್ನುವಳು. ಗಂಡ ತನ್ನ ಅಂಗಿಯ ಮೇಲೇ ಬೆರಳಾಡಿಸುತ್ತ “ಆಮೇಲೆ?” ಅನ್ನುವನು. ಆಟ ಮುಗಿಯುವವರೆಗೂ ಅದೊಂದೇ ಮಾತು. ಹಿಂದಿನ ಸಾಲಿನ ಸಲೂನಿನವನು ನಕ್ಕೂ ನಕ್ಕೂ ಸುಸ್ತಾಗಿ, ಕೊನೆಗೆ ತಾನೂ ‘ತೋಳು, ಜೇಬು’ ಅನ್ನತೊಡಗಿದ್ದ.

ಹೋದ ವರ್ಷ, ಪಂದ್ಯಗಳು ಇನ್ನೂ ಅರ್ಧ ಬಾಕಿ ಇರುವಾಗ, ಗಂಡ ಆ ಕುರ್ಚಿಯಲ್ಲೇ ತೀರಿಕೊಂಡ. ಅವತ್ತು ಸಮಸಮ ಆಟ, ಜನರ ಗದ್ದಲಕ್ಕೆ ಕಿವಿ ಕೇಳಿಸುತ್ತಿರಲಿಲ್ಲ. ಇಬ್ಬರ ಪಾಲಿನ ನೋಟವೂ ಅವಳದೇ ಅಲ್ಲವೇ, ಮೈದಾನದಿಂದ ಕಣ್ಣು ಕೀಳದೆ ಹೇಳಿದಳು, ಹೇಳುತ್ತಲೇ ಹೋದಳು. ಸೀಟಿ ಊದಿದ ಮೇಲೆ ತಿರುಗಿ ಕೈ ಹಿಡಿದಾಗ ಅದು ತಣ್ಣಗಿತ್ತು. ಎಷ್ಟು ಹೊತ್ತು ಹೆಣಕ್ಕೆ ಆಟ ಹೇಳಿದಳೋ ದೇವರೇ ಬಲ್ಲ.

ನೆಂಟರು ಬೇಡವೆಂದರೂ ಮುಂದಿನ ಪಂದ್ಯಕ್ಕೆ ಹೋದಳು. ಯಾರೂ ಕೂರದ ಆ ಕುರ್ಚಿಯ ಪಕ್ಕ, ಅಭ್ಯಾಸಬಲದಿಂದ “ಬಲತೋಳಲ್ಲಿದೆ ರೀ” ಅಂದಳು. “ಆಮೇಲೆ?” ಅಂತ ಕೇಳಿಸಿತು. ಅವನದೇ ದನಿ, ಅದೇ ಅವಸರ. ತಿರುಗದೆ ಮುಂದಿನದನ್ನು ಹೇಳಿದಳು. ಅಲ್ಲಿಂದ ಪ್ರತಿ ಪಂದ್ಯದಲ್ಲೂ ಅವನು ಕೇಳಿದ, ಇವಳು ಹೇಳಿದಳು. ಮನೆಯಲ್ಲಿ ಟೀವಿ ಮುಂದೆ ಕೂತು ಹೇಳಿ ನೋಡಿದಳು, ಉಹೂಂ, ಉಸಿರಿಲ್ಲ. ಈಗ ಆಟವೇ ನಿಂತರೆ ಗಂಡನ ದನಿ ಎಲ್ಲಿ ಸಿಗಬೇಕು?

ಮೊದಲ ಪಂದ್ಯ ನಡೆಯಬೇಕಿದ್ದ ಮಧ್ಯಾಹ್ನ ಅಭಿಮಾನಿಗಳೆಲ್ಲ ಗೇಟಿನ ಮುಂದೆ ಸೇರಿ ಕೂಗಾಡಿದರು. ‘ಆಟ ಶುರು ಮಾಡಿ’ ಅನ್ನುವ ದೊಡ್ಡ ಬ್ಯಾನರ್ ಹೊಲಿದವಳು ಟೈಲರಮ್ಮನೇ. ಅದನ್ನು ಸಲೂನಿನವನ ಕೈಗೆ ಕೊಟ್ಟು ಪಕ್ಕದ ಸಣ್ಣ ಬಾಗಿಲಿಗೆ ಹೋದಳು. ಅಲ್ಲಿದ್ದ ಕಾವಲುಗಾರ ಹೋದ ವರ್ಷ ಅವಳ ಗಂಡನ ಹೆಣವನ್ನು ಮೆಟ್ಟಿಲಿಳಿಸಿ ಹೊತ್ತು ತಂದವನು.

“ಒಂದು ಗಳಿಗೆ ಒಳಗೆ ಬಿಡಪ್ಪ.”

“ಕೆಲಸ ಹೋಗುತ್ತೆ ಅಮ್ಮ” ಅಂದ. ಅಂದವನೇ ಬೀಗ ತೆಗೆದ.

ಒಳಗೆ ನರಪಿಳ್ಳೆಯೂ ಇಲ್ಲ. ಹುಲ್ಲು ಮೊಣಕಾಲಿಗೆ ಬಂದಿತ್ತು, ಗೋಲಿನ ಬಲೆ ಬಿಚ್ಚಿಟ್ಟಿದ್ದರು. ತನ್ನ ಜಾಗದಲ್ಲಿ ಕೂತು ಗಂಟಲು ಸರಿಮಾಡಿಕೊಂಡಳು. “ಅಂಗಿ ಖಾಲಿ ಇದೆ ರೀ. ಯಾರೂ ಆಡ್ತಿಲ್ಲ.”

“ಆಮೇಲೆ?”

“ಆಟಗಾರರಿಗೂ ಮಾಲೀಕರಿಗೂ ಜಗಳ. ಸಲೂನಿನವನು ಒಬ್ಬನ ಮೀಸೆ ಬೋಳಿಸಿಬಿಟ್ಟ.”

“ಆಮೇಲೆ?”

ಕಣ್ಣು ತಿರುಗಿಸದಿರಲು ಎದುರಿಗೆ ಚೆಂಡಿನ ನೆಪವೂ ಇರಲಿಲ್ಲ. ಟೈಲರಮ್ಮ ಸೆರಗು ಬಾಯಿಗೊತ್ತಿಕೊಂಡು, ಅವನು ಸತ್ತ ಮೇಲೆ ಮೊದಲ ಸಲ ಆ ಕುರ್ಚಿಯ ಕಡೆ ತಿರುಗಿದಳು. ಬಣ್ಣ ಹೋದ ಪ್ಲಾಸ್ಟಿಕ್ಕು, ಅದರ ಮೇಲೆ ಧೂಳು.

“ಆಮೇಲೆ ನೀವು ಹೋಗಿಬಿಟ್ರಿ ಕಣ್ರೀ. ಪಕ್ಕದಲ್ಲೇ ಇದ್ದೆ, ನೋಡಲಿಲ್ಲ. ಕೈ ಚಾಚಿದ್ರೋ, ಕರೆದ್ರೋ, ನನಗೆ ಗೊತ್ತಿಲ್ಲ. ನಾನು ಚೆಂಡು ನೋಡ್ತಿದ್ದೆ.”

ಕಾದಳು. ಹೊರಗಿನ ಕೂಗು ಮಾತ್ರ ಕೇಳಿಸುತ್ತಿತ್ತು. ಕಾವಲುಗಾರ ಬಂದು ಏಳಿಸುವವರೆಗೂ ಕಾದಳು, ಕುರ್ಚಿ ಏನನ್ನೂ ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ರಾಜಿಯಾಯಿತು. ಆಟಗಾರರು ಕೇಳಿದ್ದು ಸಿಕ್ಕಿತು, ಸಲೂನಿನವನು ಬೀದಿಗೆಲ್ಲ ಮಿಠಾಯಿ ಹಂಚಿದ. ಮೊದಲ ಪಂದ್ಯಕ್ಕೆ ಟೈಲರಮ್ಮನನ್ನು ಅವನೇ ಕರೆದುಕೊಂಡು ಹೋಗಿ ಕೂರಿಸಿ, ಹಿಂದಿನ ಸಾಲಿನಲ್ಲಿ ಕೂತ. ಆಟ ರಂಗೇರಿತು. ಒಮ್ಮೆಲೇ ಇಡೀ ಕ್ರೀಡಾಂಗಣ ಎದ್ದು ನಿಂತು ಬೊಬ್ಬೆ ಹೊಡೆಯಿತು.

“ಏನಾಯ್ತಪ್ಪ?” ಅಂತ ಅವಳು ಕೇಳಿದಳು.

“ಗೋಲು ಅಕ್ಕಾ! ನಮ್ಮವರದೇ. ನೀವು ನೋಡಲಿಲ್ವಾ?”

“ಇಲ್ಲಪ್ಪ” ಅಂದಳು ಟೈಲರಮ್ಮ. ಅವಳ ಒಂದು ಕೈ ಖಾಲಿ ಕುರ್ಚಿಯ ಮೇಲಿತ್ತು. “ನಾನು ಈ ಕಡೆ ನೋಡ್ತಿದ್ದೆ.”