ಡ್ಯಾಶ್‌ಬೋರ್ಡಿನ ಮೇಲಿನ ಮಜ್ಜಿಗೆ ಲೋಟ

ರೋಣದಲ್ಲಿ ನಮ್ಮ ಓಣಿಗೆಲ್ಲ ಬಾಡಿಗೆ ಕಾರು ಓಡಿಸುತ್ತಿದ್ದ ಡ್ರೈವರ್, ಏನು ಕೇಳಿದರೂ ಮೊದಲು ಮೀಸೆ ಸವರಿಕೊಂಡು, "ಅವಸರ ಏನೈತ್ರಿ?" ಎನ್ನುತ್ತಿದ್ದ. ಅಣಶಿ, ಕುದುರೆಮುಖ, ಎರಡು ನ್ಯಾಷನಲ್ ಪಾರ್ಕುಗಳಿಗೆ ಮೂರು ದಿನದ ಟ್ರಿಪ್ ಪ್ಲ್ಯಾನ್ ಮಾಡಲು ನಾನು ಮ್ಯಾಪ್ ಹರಡಿದಾಗಲೂ ಅದೇ ಮಾತು. ಕಾನ್ವೆಂಟಿನ ಜಿಯಾಗ್ರಫಿ ಕ್ಲಾಸಿನಿಂದಲೂ ಆ ಬೆಟ್ಟಗಳನ್ನು ನೋಡುವ ಆಸೆ ನನಗೆ. ಆದರೆ ಕಾರು ನಾಲ್ಕು ತಿರುವು ತಿರುಗಿದರೆ ಸಾಕು, ವಾಂತಿ. ಎರಡು ಸಲ ಅರ್ಧ ದಾರಿಯಿಂದಲೇ ಹಿಂದಿರುಗಿದ್ದೆ. ಈ ವಯಸ್ಸಿಗೆ ಇದೇ ಲಾಸ್ಟ್ ಚಾನ್ಸ್.

"ಘಾಟಿನ್ಯಾಗ ಗಾಡಿ ಹೊಡದೀ ಏನಪಾ?" ಎಂದು ಕೇಳಿದೆ.

"ಸುಳ್ಳ್ಯಾಕ ಹೇಳ್ಲಿರಿ ಅಮ್ಮಾರ, ಇಲ್ಲ. ನರೇಗಲ್ಲ ನೆಟ್ಟನ ದಾರ್ಯಾಗ ಓಡಿಸಿ ಓಡಿಸಿ ಸ್ಟೇರಿಂಗ್ ತಿರುವೂದ ಮರತೈತಿ."

ಮರುದಿನದಿಂದ ಅವನು ಬೆಳಿಗ್ಗೆ ಬೆಳಿಗ್ಗೆ ಗಜೇಂದ್ರಗಡದ ಗುಡ್ಡದ ರಸ್ತೆಗೆ ಪ್ರ್ಯಾಕ್ಟೀಸಿಗೆ ಹೊರಟ. ಡ್ಯಾಶ್‌ಬೋರ್ಡಿನ ಮೇಲೆ ಕಂಠಮಟ್ಟ ತುಂಬಿದ ಮಜ್ಜಿಗೆ ಲೋಟ. ಮೊದಲ ದಿನ ಮಜ್ಜಿಗೆ ಚೆಲ್ಲಿ ಒದ್ದೆಯಾದ ಪ್ಯಾಂಟಿನಲ್ಲೇ ಬಂದು ಗಂಭೀರವಾಗಿ ವರದಿ ಒಪ್ಪಿಸಿದ: "ಇವತ್ತ ನಿಮಗ ಮೂರ ಸಲ ವಾಂತಿ ಆತ್ರಿ."

ಎಂಟನೆಯ ದಿನ ಲೋಟ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂತು. ನಾವು ಹೊರಟೆವು.

ಕುದುರೆಮುಖದ ತಿರುವುಗಳು ಶುರುವಾದಾಗ, "ಲೋಟ ಎಲ್ಲೈತೋ?" ಎಂದೆ.

"ಇವತ್ತ ನೀವ ಲೋಟರಿ. ಆರಾಮ ಕುಂದರ್ರಿ."

ಮೇಲೆ ಕಾರು ನಿಲ್ಲಿಸಿ ಬಾಗಿಲು ತೆರೆದ. ಹೊಟ್ಟೆ ತಣ್ಣಗಿತ್ತು. ಎದುರಿಗೆ ಹಸಿರು ಗುಡ್ಡಗಳು ಒಂದರ ಹಿಂದೊಂದು ನಿಂತಿದ್ದವು. ನಾನು ಕರ್ಚೀಫ್ ಹುಡುಕುವುದನ್ನು ನೋಡಿ ಅವನು ಮೀಸೆ ಸವರಿಕೊಂಡ.

"ಕಣ್ಣಿಂದ ಚೆಲ್ಲಿದ್ದ ಲೆಕ್ಕಕ್ಕ ಹಿಡ್ಯೂದಿಲ್ರಿ ಅಮ್ಮಾರ," ಎಂದ.